ದೈವಕರೆ (ಗದಗ-ಬೆಟಗೇರಿ ಪ್ರದೇಶದ ಕ್ರೈಸ್ತ ಪರಂಪರೆ)

ದೈವಕರೆ ಎಂಬುದು ಕ್ರೈಸ್ತ ಧರ್ಮದಲ್ಲಿ, ದೇವರು ಒಬ್ಬ ವ್ಯಕ್ತಿಯನ್ನು ಒಂದು ನಿರ್ದಿಷ್ಟ ಸೇವೆಗಾಗಿ ಕರೆಯುತ್ತಾನೆ ಎಂಬ ನಂಬಿಕೆ. ಆ ಕರೆಗೆ ವ್ಯಕ್ತಿಯು ಸ್ವಇಚ್ಛೆಯಿಂದ ಕೊಡುವ ಉತ್ತರವೂ ಇದೇ ಹೆಸರಿನಲ್ಲಿ ಅಡಕವಾಗಿದೆ. ಕನ್ನಡದ ಕಥೋಲಿಕರಲ್ಲಿ 'ದೈವಕರೆ' ಎಂಬ ಪದ ರೂಢಿಯಲ್ಲಿದೆ. ಪ್ರಾಟೆಸ್ಟೆಂಟರು ಸಾಮಾನ್ಯವಾಗಿ 'ಸೇವೆಯ ಕರೆ' ಅಥವಾ ಬರೀ 'ಕರೆ' ಎನ್ನುತ್ತಾರೆ. ಪಾದ್ರಿ, ಸಭಾಪಾಲಕ, ಉಪದೇಶಿ, ಕನ್ಯಾಸ್ತ್ರೀ, ಮಿಷನರಿ ಮುಂತಾದವರ ಜೀವನವನ್ನು ವಿವರಿಸುವಾಗ ಈ ಪದ ಹೆಚ್ಚಾಗಿ ಬಳಕೆಯಾಗುತ್ತದೆ. ಆದರೆ ಶಿಕ್ಷಕರು, ದಾದಿಯರು, ವೈದ್ಯರು ಮೊದಲಾದವರೂ ತಮ್ಮ ವೃತ್ತಿಯನ್ನು ಇದೇ ಪದದಿಂದ ಗುರುತಿಸಿಕೊಂಡ ಉದಾಹರಣೆಗಳು ಸಾಕಷ್ಟಿವೆ.

ಇಂದಿನ ಗದಗ ಜಿಲ್ಲೆಯಲ್ಲಿ ಈ ಪರಿಕಲ್ಪನೆಗೆ ಸುಮಾರು 180 ವರ್ಷಗಳ ಇತಿಹಾಸವಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1841ರಲ್ಲಿ ಬೆಟಗೇರಿಯಲ್ಲಿ ತನ್ನ ಕೇಂದ್ರವನ್ನು ತೆರೆದುದು ಇದರ ಆರಂಭ. ಕರೆಗೆ ಓಗೊಟ್ಟವರೆಂದರೆ ಹಡಗು ಹತ್ತಿ ಬಂದ ಯುರೋಪಿಯನ್ನರು ಎಂಬ ಭಾವನೆ ಬಹುಕಾಲ ಪ್ರಚಲಿತವಾಗಿತ್ತು. ಈ ಸೀಮೆಯ ಇತಿಹಾಸವನ್ನು ಗಮನಿಸಿದರೆ ಅದು ಅರ್ಧ ಸತ್ಯವೆಂದು ತಿಳಿಯುತ್ತದೆ. ಇಲ್ಲಿ ಸೇವೆಯ ದಿನನಿತ್ಯದ ಹೊರೆಯನ್ನು ಹೊತ್ತವರು ಬಹುಪಾಲು ಸ್ಥಳೀಯ ಉಪದೇಶಿಗಳು, ಶಾಲಾ ಶಿಕ್ಷಕರು ಮತ್ತು ಹೆಂಗಸರು.

ಬೈಬಲ್ಲಿನ ಹಿನ್ನೆಲೆ

ದೇವರು ಮನುಷ್ಯನನ್ನು ಹೆಸರು ಹಿಡಿದು ಕರೆಯುವ ಪ್ರಸಂಗಗಳು ಸತ್ಯವೇದದ ಉದ್ದಕ್ಕೂ ಬರುತ್ತವೆ. ಆದಿಕಾಂಡದಲ್ಲಿ ಅಬ್ರಹಾಮನು ತನ್ನ ದೇಶವನ್ನೂ ಬಂಧುಬಳಗವನ್ನೂ ಬಿಟ್ಟು, ಎಲ್ಲಿಗೆಂದು ತಿಳಿಯದೆ ಹೊರಡುತ್ತಾನೆ. ಪ್ರವಾದಿ ಯೆಶಾಯನು ದೇವಾಲಯದಲ್ಲಿ ಕಂಡ ದರ್ಶನದ ಕೊನೆಯಲ್ಲಿ ತನ್ನನ್ನೇ ಕಳುಹಿಸಬೇಕೆಂದು ತಾನಾಗಿ ಮುಂದೆ ಬರುತ್ತಾನೆ. ಗಲಿಲಾಯದ ಮೀನುಗಾರರಾದ ಪೇತ್ರ ಮತ್ತು ಅಂದ್ರೆಯರು ಬಲೆಗಳನ್ನು ಬಿಟ್ಟು ಯೇಸುವಿನ ಹಿಂದೆ ಹೋಗುತ್ತಾರೆ. ಕ್ರೈಸ್ತರನ್ನು ಹಿಂಸಿಸಲು ಹೊರಟಿದ್ದ ಸೌಲನು ದಮಸ್ಕದ ದಾರಿಯಲ್ಲಿ ಮನಸ್ಸು ತಿರುಗಿ, ಮುಂದೆ ಅಪೊಸ್ತಲ ಪೌಲನೆಂದು ಪ್ರಸಿದ್ಧನಾಗುತ್ತಾನೆ.

ಕರೆಯಲ್ಪಟ್ಟವರೆಲ್ಲರೂ ತಕ್ಷಣ ಒಪ್ಪಿಕೊಂಡರೆಂದು ಭಾವಿಸಬಾರದು. ಮೋಶೆಯು ತನಗೆ ಮಾತು ಬಾರದೆಂದು ನೆಪ ಹೇಳಿದನು. ಯೆರೆಮೀಯನು ತಾನಿನ್ನೂ ಚಿಕ್ಕವನೆಂದನು. ಯೋನನಂತೂ ನಿನೆವೆಗೆ ಹೋಗುವ ಬದಲು ವಿರುದ್ಧ ದಿಕ್ಕಿನ ಹಡಗನ್ನೇ ಹತ್ತಿದನು. ಹೊಸ ಒಡಂಬಡಿಕೆಯ ಶ್ರೀಮಂತ ಯುವಕನು ಯೇಸುವಿನ ಕರೆಯನ್ನು ಕೇಳಿ, ಆಸ್ತಿಯ ಮೋಹವನ್ನು ಬಿಡಲಾರದೆ ದುಃಖದಿಂದ ಹಿಂದಿರುಗಿದನು. ಯೇಸು ಅವನನ್ನು ಬಲವಂತವಾಗಿ ತಡೆದಂತೆ ಸುವಾರ್ತೆಗಳಲ್ಲಿ ಎಲ್ಲಿಯೂ ಇಲ್ಲ. ನಿರಾಕರಿಸುವ ಸ್ವಾತಂತ್ರ್ಯವಿದ್ದರೆ ಮಾತ್ರ ಒಪ್ಪಿಗೆಗೆ ಬೆಲೆ ಎಂಬ ವಿಚಾರಕ್ಕೆ ದೇವಶಾಸ್ತ್ರಜ್ಞರು ಈ ಕಥೆಯನ್ನು ಮತ್ತೆ ಮತ್ತೆ ಆಧಾರವಾಗಿ ಕೊಡುತ್ತಾರೆ.

ಬಾಲಕ ಸಮುವೇಲನ ಪ್ರಸಂಗ ಇನ್ನೊಂದು ಅಂಶವನ್ನು ಎತ್ತಿ ತೋರಿಸುತ್ತದೆ. ರಾತ್ರಿ ತನ್ನನ್ನು ಯಾರೋ ಕರೆದಂತಾಗಿ ಸಮುವೇಲನು ಮೂರು ಬಾರಿ ವೃದ್ಧ ಯಾಜಕನಾದ ಏಲಿಯ ಬಳಿಗೆ ಓಡುತ್ತಾನೆ. ಕರೆದವನು ದೇವರೆಂದು ಗುರುತಿಸಿದವನು ಹುಡುಗನಲ್ಲ, ಏಲಿ. ಕರೆ ಕೇಳಿಸುವುದು ಒಬ್ಬನಿಗೆ, ಅದನ್ನು ಪರೀಕ್ಷಿಸಿ ಗುರುತಿಸುವುದು ಸಭೆಯ ಹಿರಿಯರ ಕೆಲಸ ಎಂಬ ಪದ್ಧತಿ ಎಲ್ಲ ಕ್ರೈಸ್ತ ಪಂಗಡಗಳಲ್ಲೂ ಒಂದಲ್ಲ ಒಂದು ರೂಪದಲ್ಲಿ ಉಳಿದುಬಂದಿದೆ. ಸಮುವೇಲನನ್ನು ತಾಯಿ ಹನ್ನಳು ಹರಕೆ ಹೊತ್ತು ಗುಡಿಗೆ ಒಪ್ಪಿಸಿದ್ದಳು. ಮಗನನ್ನು ಮಠಕ್ಕೆ ಮರಿಯಾಗಿ ಬಿಡುವ ವಾಡಿಕೆಯನ್ನು ಬಲ್ಲ ಗದಗ ಸೀಮೆಯ ಓದುಗರಿಗೆ ಈ ಭಾಗವನ್ನು ವಿವರಿಸಿ ಹೇಳಬೇಕಾಗಿಲ್ಲ. ಆದರೆ ತಾಯಿಯ ಹರಕೆಯ ನಂತರವೂ ಸಮುವೇಲನು ತಾನೇ ಉತ್ತರಿಸಬೇಕಾಯಿತು ಎಂಬುದನ್ನು ಇಲ್ಲಿ ಮರೆಯುವಂತಿಲ್ಲ.

ಪರಿಕಲ್ಪನೆಯ ಬೆಳವಣಿಗೆ

ಮಧ್ಯಯುಗದ ಯುರೋಪಿನಲ್ಲಿ 'ಕರೆ' ಎಂದರೆ ಸನ್ಯಾಸ ಅಥವಾ ಗುರುದೀಕ್ಷೆ ಎಂದೇ ಅರ್ಥವಿತ್ತು. 16ನೇ ಶತಮಾನದಲ್ಲಿ ಮಾರ್ಟಿನ್ ಲೂಥರ್ ಈ ಅರ್ಥವನ್ನು ವಿಸ್ತರಿಸಿದನು. ಚಮ್ಮಾರ, ರೈತ, ಗೃಹಿಣಿ ಮೊದಲಾದವರು ತಮ್ಮ ತಮ್ಮ ಕೆಲಸಗಳನ್ನು ನಿಷ್ಠೆಯಿಂದ ಮಾಡುವುದೂ ದೇವರ ಕರೆಗೆ ಕೊಡುವ ಉತ್ತರವೇ ಎಂಬುದು ಅವನ ವಾದ. ಜರ್ಮನ್ ಭಾಷೆಯಲ್ಲಿ ಉದ್ಯೋಗವನ್ನು ಸೂಚಿಸುವ 'ಬೆರೂಫ್' ಎಂಬ ಪದವು 'ಕರೆ' ಎಂಬ ಅರ್ಥದ ಧಾತುವಿನಿಂದಲೇ ಬಂದಿದೆ. ಕರ್ನಾಟಕದ ಓದುಗರಿಗೆ ಇಲ್ಲಿ 12ನೇ ಶತಮಾನದ ಶರಣರ ಕಾಯಕ ತತ್ವ ನೆನಪಾಗುವುದು ಸಹಜ. ಎರಡಕ್ಕೂ ಹೋಲಿಕೆ ಇದೆ. ದುಡಿಮೆಗೆ ಪೂಜೆಯ ಗೌರವವನ್ನು ಎರಡೂ ಕೊಡುತ್ತವೆ. ಆದರೆ ಲೂಥರನ ವಿಚಾರದಲ್ಲಿ ಕರೆಯುವ ದೇವರಿಗೂ ಕರೆಯಲ್ಪಡುವ ಮನುಷ್ಯನಿಗೂ ನಡುವಿನ ಅಂತರ ಕೊನೆಯವರೆಗೂ ಉಳಿಯುತ್ತದೆ. ಶರಣರ ಕಾಯಕವು ದಾಸೋಹ ಮತ್ತು ಐಕ್ಯದ ಕಡೆಗೆ ನಡೆಯುತ್ತದೆ. ಎರಡನ್ನೂ ಒಂದೇ ಎನ್ನುವುದು ಅವಸರದ ಮಾತಾದೀತು.

17 ಮತ್ತು 18ನೇ ಶತಮಾನಗಳ ಜರ್ಮನಿಯಲ್ಲಿ ಹುಟ್ಟಿದ ಪಯಟಿಸಂ ಎಂಬ ಭಕ್ತಿಪಂಥವು ಕರೆಯನ್ನು ಮತ್ತೆ ಒಳಮನಸ್ಸಿನ ಅನುಭವಕ್ಕೆ ತಂದು ಜೋಡಿಸಿತು. ಪಶ್ಚಾತ್ತಾಪ, ಮನಸ್ಸಿನ ಪರಿವರ್ತನೆ, ಅದರ ಫಲವಾಗಿ ದೂರದೇಶದ ಸೇವೆ ಎಂಬುದು ಈ ಪಂಥದ ಜೀವನಕ್ರಮ. 1706ರಲ್ಲಿ ತರಂಗಂಬಾಡಿಗೆ ಬಂದ ಝೀಗೆನ್‌ಬಾಲ್ಗ್ ಈ ಪ್ರೇರಣೆಯಿಂದಲೇ ಬಂದವನು. 1815ರಲ್ಲಿ ಬಾಸೆಲ್ ನಗರದಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ ಸಹ ಇದೇ ನೆಲದಲ್ಲಿ ಬೇರೂರಿತ್ತು. ಅದರ ಸೇವಕರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವ್ಯೂರ್ಟೆಂಬೆರ್ಗ್ ಪ್ರಾಂತದವರು, ಅದರಲ್ಲೂ ರೈತರ ಮತ್ತು ಕುಶಲಕರ್ಮಿಗಳ ಮಕ್ಕಳು.

ಕರೆಯ ಪರೀಕ್ಷೆ: ಬಾಸೆಲ್ಲಿನ ಪದ್ಧತಿ

ಬಾಸೆಲ್ ಮಿಷನ್ನಿಗೆ ಸೇರಬಯಸಿದ ಯುವಕನು ತನ್ನ ಜೀವನಚರಿತ್ರೆಯನ್ನು ಸ್ವತಃ ಬರೆದು ಒಪ್ಪಿಸಬೇಕಾಗಿತ್ತು. ತಾನು ಯಾವಾಗ, ಹೇಗೆ ದೇವರ ಕರೆಯನ್ನು ಅನುಭವಿಸಿದೆ ಎಂಬುದನ್ನು ಅದರಲ್ಲಿ ವಿವರಿಸಬೇಕಿತ್ತು. ಆಯ್ಕೆಯಾದವನು ಕೆಲವು ವರ್ಷ ಅಲ್ಲಿನ ಸೆಮಿನರಿಯಲ್ಲಿ ಕಲಿತ ಮೇಲೆ, ಆಡಳಿತ ಸಮಿತಿ ತೋರಿಸಿದ ದೇಶಕ್ಕೆ ಹೊರಡಬೇಕು. ಆಫ್ರಿಕವೋ ಭಾರತವೋ ಚೀನವೋ ಎಂಬುದನ್ನು ತೀರ್ಮಾನಿಸುವುದು ಅವನ ಕೈಯಲ್ಲಿ ಇರಲಿಲ್ಲ. ಕರೆಗೆ ಓಗೊಡುವುದು ಸ್ವಇಚ್ಛೆಯಿಂದ. ಓಗೊಟ್ಟ ಮೇಲೆ ವಿಧೇಯತೆ ಕಡ್ಡಾಯ. ಈ ಎರಡರ ನಡುವಿನ ಎಳೆದಾಟ ಬಾಸೆಲ್ ಮಿಷನ್ನಿನ ಇತಿಹಾಸದ ಉದ್ದಕ್ಕೂ ಕಾಣುತ್ತದೆ.

ಮದುವೆಯ ನಿಯಮವನ್ನೇ ತೆಗೆದುಕೊಳ್ಳಬಹುದು. ಮಿಷನರಿಯು ಅವಿವಾಹಿತನಾಗಿ ಹೊರಡಬೇಕು. ಸುಮಾರು ಎರಡು ವರ್ಷ ಸೇವೆ ಸಲ್ಲಿಸಿದ ಮೇಲಷ್ಟೇ ಮದುವೆಗೆ ಸಮಿತಿಯ ಅನುಮತಿ ಕೇಳಬಹುದು. ಹೆಣ್ಣು ಯಾರೆಂಬುದಕ್ಕೂ ಸಮಿತಿಯ ಒಪ್ಪಿಗೆ ಬೇಕು. ಹೀಗಾಗಿ ಅನೇಕ ಯುವತಿಯರಿಗೆ ಕರೆ ಬಂದುದು ದರ್ಶನದಲ್ಲಲ್ಲ, ಅಂಚೆಯಲ್ಲಿ: ತಾವು ಕಂಡೇ ಇರದ ಅಥವಾ ಅಲ್ಪಸ್ವಲ್ಪ ಕಂಡಿದ್ದ ವರನ ಪರವಾಗಿ ಬಂದ ಒಂದು ಪತ್ರದ ರೂಪದಲ್ಲಿ. ಅದನ್ನು ದೇವರ ಚಿತ್ತವೆಂದು ಒಪ್ಪಿ, ಅವರು ಮಂಗಳೂರಿಗೋ ಧಾರವಾಡಕ್ಕೋ ಬಂದರು. ಕೆಲವರು ನಿರಾಕರಿಸಿದ್ದೂ ಉಂಟು.

ಮಕ್ಕಳ ವಿಷಯ ಇದಕ್ಕಿಂತ ಕಠಿಣವಾಗಿತ್ತು. ಮಿಷನರಿಗಳ ಮಕ್ಕಳು ಶಾಲೆಯ ವಯಸ್ಸಿಗೆ ಬಂದೊಡನೆ ಅವರನ್ನು ತಂದೆತಾಯಿಗಳಿಂದ ಅಗಲಿಸಿ ಯುರೋಪಿಗೆ ಕಳುಹಿಸುವ ವ್ಯವಸ್ಥೆ 1853ರಿಂದ ಜಾರಿಗೆ ಬಂದಿತು. ಇವರಿಗಾಗಿ ಬಾಸೆಲ್ಲಿನಲ್ಲಿ ಮಕ್ಕಳ ನಿಲಯವನ್ನು ನಡೆಸಲಾಗುತ್ತಿತ್ತು. ಕೆಲವು ಮಕ್ಕಳು ಹೆತ್ತವರನ್ನು ಮತ್ತೆ ನೋಡುವ ವೇಳೆಗೆ ಹತ್ತು ವರ್ಷಗಳೇ ಕಳೆದಿರುತ್ತಿದ್ದವು. ತಂದೆತಾಯಿಗಳು ಸ್ವಇಚ್ಛೆಯಿಂದ ಕೊಟ್ಟ ಉತ್ತರದ ಬೆಲೆಯನ್ನು ಕೇಳದೆಯೇ ತೆತ್ತವರು ಈ ಮಕ್ಕಳು. ಮಿಷನರಿಗಳ ಜೀವನಚರಿತ್ರೆಗಳಲ್ಲಿ ಈ ವಿಷಯಕ್ಕೆ ಸಿಗಬೇಕಾದಷ್ಟು ಸ್ಥಳ ಸಿಕ್ಕಿಲ್ಲ.

ಕರ್ನಾಟಕಕ್ಕೆ ಬಂದವರು

1833ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸನ್ನದು ನವೀಕರಣವಾದಾಗ ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದಲ್ಲಿ ನೆಲೆಸಲು ದಾರಿಯಾಯಿತು. ಮರುವರ್ಷ, ಅಂದರೆ 1834ರಲ್ಲಿ, ಸಾಮುವೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಇವರಲ್ಲಿ ಹೆಬಿಕ್ ಮೊದಲು ವ್ಯಾಪಾರಿಯಾಗಿದ್ದವರು. ಘಟ್ಟದ ಮೇಲಿನ ಸೀಮೆಯಲ್ಲಿ ಧಾರವಾಡ (1837), ಹುಬ್ಬಳ್ಳಿ (1839), ಬೆಟಗೇರಿ (1841) ಮತ್ತು ಗುಳೇದಗುಡ್ಡ (1851) ಕೇಂದ್ರಗಳು ಒಂದರ ಹಿಂದೊಂದು ತೆರೆದವು. ಇವುಗಳಿಗೂ ಮುಂಚೆ ಲಂಡನ್ ಮಿಷನರಿ ಸೊಸೈಟಿಯು ಬಳ್ಳಾರಿಯಲ್ಲಿ (1810) ಮತ್ತು ಬೆಳಗಾವಿಯಲ್ಲಿ (1820) ಕೆಲಸ ಆರಂಭಿಸಿತ್ತು. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಬೈಬಲ್ಲಿನ ಕನ್ನಡ ಅನುವಾದದಲ್ಲಿ ತೊಡಗಿದ್ದವರು.

1836ರಲ್ಲಿ ಬಂದ ಹೆರ್ಮನ್ ಮೋಗ್ಲಿಂಗ್ (1811-1881) ಈ ಗುಂಪಿನಲ್ಲಿ ವಿಶೇಷ ವ್ಯಕ್ತಿ. ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರವನ್ನು ಓದಿ, ತಾಯ್ನಾಡಿನಲ್ಲೇ ಪಾದ್ರಿಯಾಗಿ ನೆಮ್ಮದಿಯಿಂದ ಇರಬಹುದಾಗಿದ್ದವರು ಅವರು. 1843ರಲ್ಲಿ ಅವರು ಹೊರಡಿಸಿದ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆ. ಸ್ವದೇಶಕ್ಕೆ ಮರಳಲು ಸಿದ್ಧರಾಗಿದ್ದಾಗ ಕೊಡಗಿನ ಒಬ್ಬ ವ್ಯಕ್ತಿ ದೀಕ್ಷಾಸ್ನಾನ ಬೇಡಿ ಬಂದುದನ್ನೇ ಹೊಸ ಕರೆಯೆಂದು ತಿಳಿದು, ಪ್ರಯಾಣವನ್ನು ನಿಲ್ಲಿಸಿ ಅವರು 1853ರಲ್ಲಿ ಕೊಡಗಿಗೆ ಹೋದರು. ಸಮಿತಿ ಹಾಕಿಕೊಟ್ಟ ದಾರಿಯನ್ನು ಬಿಟ್ಟು ತಾನು ಕೇಳಿಸಿಕೊಂಡ ಕರೆಯ ಹಿಂದೆ ನಡೆದುದಕ್ಕೆ ಇದು ಸ್ಪಷ್ಟವಾದ ಉದಾಹರಣೆ.

ಫರ್ಡಿನಾಂಡ್ ಕಿಟ್ಟೆಲ್ (1832-1903) 1853ರಲ್ಲಿ ಬಂದು, ಸೇವೆಯ ಆರಂಭದ ವರ್ಷಗಳನ್ನು ಹುಬ್ಬಳ್ಳಿ-ಧಾರವಾಡ ಸೀಮೆಯಲ್ಲಿ ಕಳೆದರು. ಭಾರತೀಯರ ನಡುವೆ ಭಾರತೀಯನಂತೆಯೇ ಬದುಕಬೇಕೆಂಬ ಹಂಬಲ ಅವರದಾಗಿತ್ತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ಈ ಭಾಗದ ಆಡುಮಾತುಗಳಿಗೆ ಆ ನಿಘಂಟಿನಲ್ಲಿ 'ದಕ್ಷಿಣ ಮರಾಠಾ ಸೀಮೆ' ಎಂಬ ಗುರುತನ್ನು ಹಾಕಲಾಗಿದೆ. ಸುವಾರ್ತೆ ಸಾರಲು ಬಂದವನು ಶಬ್ದ ಸಂಗ್ರಹದಲ್ಲಿ ದಶಕಗಳನ್ನು ಕಳೆಯುವುದು ಸೇವೆಯೇ ಎಂಬ ಪ್ರಶ್ನೆ ಆಗ ಇದ್ದೇ ಇತ್ತು. ಕನ್ನಡಿಗರ ಮಟ್ಟಿಗೆ ಆ ಪ್ರಶ್ನೆಗೆ ಉತ್ತರ ಎಂದೋ ಸಿಕ್ಕಿದೆ.

ಬೆಟಗೇರಿ ಮತ್ತು ಮಲಸಮುದ್ರ

ಬೆಟಗೇರಿ ನೇಕಾರರ ಊರು. ಪಕ್ಕದ ಗದಗ ಹತ್ತಿಯ ವ್ಯಾಪಾರದ ಊರು. ಮಿಷನರಿಗಳು ಇಲ್ಲಿಗೆ ಬರಲು ಮಾರುಕಟ್ಟೆಗಳು ಮಾತ್ರ ಕಾರಣವಾಗಿರಲಿಲ್ಲ. ಜನರೇ ಅವರನ್ನು ಅರಸಿಕೊಂಡು ಬಂದ ಒಂದು ಪ್ರಸಂಗವೂ ಇದರ ಹಿಂದಿತ್ತು.

ಭವಿಷ್ಯವನ್ನು ಹೇಳುವ ಕಾಲಜ್ಞಾನ ಪದಗಳ ಪರಂಪರೆ ಉತ್ತರ ಕರ್ನಾಟಕದಲ್ಲಿ ಹಳೆಯದು. ಕೊಡೇಕಲ್ಲ ಬಸವಣ್ಣನ ಪರಂಪರೆ ಇದಕ್ಕೆ ಪ್ರಸಿದ್ಧ ನಿದರ್ಶನ. 1830ರ ದಶಕದ ಕೊನೆಯ ವೇಳೆಗೆ ಹುಬ್ಬಳ್ಳಿ-ಧಾರವಾಡ ಸೀಮೆಯಲ್ಲಿ ಇಂತಹ ಕಾಲಜ್ಞಾನವನ್ನು ನಂಬಿದ್ದ ಒಂದು ಗುಂಪಿನವರು, ಹೊಸದಾಗಿ ಬಂದ ಬೋಧಕರಲ್ಲಿ ತಮ್ಮ ಗ್ರಂಥಗಳ ಮಾತು ನೆರವೇರುತ್ತಿದೆಯೆಂದು ಬಗೆದು ಅವರ ಬಳಿಗೆ ಬಂದರು. ಮಿಷನರಿಗಳ ಉತ್ಸಾಹಕ್ಕೆ ಎಣೆ ಇರಲಿಲ್ಲ. ಸಾವಿರಾರು ಜನ ಒಟ್ಟಿಗೆ ಸಭೆಗೆ ಸೇರುವರೆಂದು ನಂಬಿ, ಅವರಿಗಾಗಿ ಗದಗದ ಸಮೀಪದ ಮಲಸಮುದ್ರದಲ್ಲಿ ಒಂದು ಕೃಷಿ ವಸಾಹತನ್ನು ಕಟ್ಟಲು ಮೋಗ್ಲಿಂಗ್ ಮತ್ತು ಸಂಗಡಿಗರು ಮುಂದಾದರು.

ಈ ಯೋಜನೆ ಫಲಿಸಲಿಲ್ಲ. ನಿರೀಕ್ಷಿಸಿದ ಜನ ಬರಲಿಲ್ಲ. ವಸಾಹತನ್ನು ಕೆಲವು ವರ್ಷಗಳ ಬಳಿಕ ಕೈಬಿಟ್ಟು ಬೆಟಗೇರಿಯನ್ನೇ ಗಟ್ಟಿಮಾಡಿಕೊಳ್ಳಬೇಕಾಯಿತು. ಮಿಷನ್ನಿನ ಬರಹಗಳಲ್ಲಿ ಇದನ್ನು ಕಾಲಜ್ಞಾನದವರ ಚಂಚಲತೆಯೆಂದು ಚಿತ್ರಿಸುವುದುಂಟು. ಆ ತೀರ್ಪು ಪೂರ್ತಿ ನ್ಯಾಯವಾದುದಲ್ಲ. ಬಂದವರು ತಮ್ಮದೇ ಗ್ರಂಥ, ತಮ್ಮದೇ ಗುರು, ತಮ್ಮದೇ ನಿರೀಕ್ಷೆಗಳೊಂದಿಗೆ ಬಂದಿದ್ದರು; ಒಂದು ಕರೆಯನ್ನು ತಾವೂ ಕೇಳಿದ್ದೇವೆ ಎಂಬುದೇ ಅವರ ನಂಬಿಕೆಯಾಗಿತ್ತು. ಬಾಸೆಲ್ಲಿನವರು ಕೇಳಿದ ಕರೆಗೂ ಅವರು ಕೇಳಿದ ಕರೆಗೂ ಅರ್ಥ ಬೇರೆಯಾಗಿತ್ತು. ಹಾಗಿರುವಾಗ ಅವರು ಹಿಂದಿರುಗಿದುದನ್ನು ಚಂಚಲತೆ ಎನ್ನುವುದಕ್ಕಿಂತ, ಶ್ರೀಮಂತ ಯುವಕನಂತೆ, ಸ್ವತಂತ್ರವಾಗಿ ಕೊಟ್ಟ ಉತ್ತರ ಎನ್ನುವುದು ಮೇಲು.

ಮುಂದೆ ಬೆಟಗೇರಿಯಲ್ಲಿ ಸಣ್ಣದಾಗಿಯೇ ಒಂದು ಸಭೆ ಬೆಳೆಯಿತು. ಶಾಲೆಗಳು ನಡೆದವು. 1876-78ರ ಭೀಕರ ಬರಗಾಲ ಧಾರವಾಡ, ಬಿಜಾಪುರ, ಬಳ್ಳಾರಿ ಸೀಮೆಗಳನ್ನು ಬಡಿದಾಗ, ಈ ಭಾಗದ ಮಿಷನ್ ಕೇಂದ್ರಗಳು ಅನಾಥ ಮಕ್ಕಳಿಗೆ ಆಶ್ರಯ ಕೊಟ್ಟವು. ಬರಗಾಲದಲ್ಲಿ ಕೂಳಿನ ಜೊತೆಗೆ ದೊರೆತ ಧರ್ಮವು ಎಷ್ಟರ ಮಟ್ಟಿಗೆ ಸ್ವಇಚ್ಛೆಯದು ಎಂಬ ಪ್ರಶ್ನೆಯನ್ನು ಅಂದಿನ ಟೀಕಾಕಾರರೂ ಎತ್ತಿದ್ದರು, ಮಿಷನರಿಗಳೂ ತಮ್ಮೊಳಗೆ ಚರ್ಚಿಸಿದ್ದರು. ಆ ಮಕ್ಕಳಲ್ಲಿ ದೊಡ್ಡವರಾದ ಮೇಲೆ ಶಿಕ್ಷಕರೂ ಉಪದೇಶಿಗಳೂ ಆದವರನ್ನು ನೆನೆದರೆ, ಆಶ್ರಯಕ್ಕಾಗಿ ಬಂದುದು ಒಂದು ಘಟ್ಟ, ಬೆಳೆದು ಸೇವೆಯನ್ನು ಆರಿಸಿಕೊಂಡುದು ಇನ್ನೊಂದು ಘಟ್ಟ ಎಂದು ಬೇರ್ಪಡಿಸಿ ನೋಡಬೇಕಾಗುತ್ತದೆ.

ಉಪದೇಶಿಗಳು

ಚಳಿಗಾಲದ ತಿಂಗಳುಗಳಲ್ಲಿ ಸಂತೆ, ಜಾತ್ರೆಗಳಿಗೆ ಸಂಚಾರ ಹೋಗಿ ಬೋಧಿಸುವುದು ಬಾಸೆಲ್ ಮಿಷನ್ನಿನ ಕ್ರಮವಾಗಿತ್ತು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳು ಗದಗದ ದಕ್ಷಿಣಕ್ಕೂ ಆಗ್ನೇಯಕ್ಕೂ ಇರುವ ಸಂತೆಯ ಊರುಗಳು. ಈ ಊರುಗಳ ಆಡಳಿತವೂ ಆಗ ಒಂದೇ ತೆರನಾಗಿರಲಿಲ್ಲ: ಮುಂಡರಗಿ ಬ್ರಿಟಿಷ್ ಧಾರವಾಡ ಜಿಲ್ಲೆಯಲ್ಲಿತ್ತು, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿತ್ತು, ಲಕ್ಷ್ಮೇಶ್ವರ ಮೀರಜ ಸಂಸ್ಥಾನಕ್ಕೆ ಸೇರಿತ್ತು. ಧರ್ಮದ ವಿಷಯದಲ್ಲಂತೂ ಇವು ಬರಿದಾದ ನೆಲವಾಗಿರಲಿಲ್ಲ. ಪುಲಿಗೆರೆ ಎಂಬ ಹಳೆಯ ಹೆಸರಿನ ಲಕ್ಷ್ಮೇಶ್ವರದಲ್ಲಿ ಜಿನಾಲಯಗಳೂ ಸೋಮೇಶ್ವರ ದೇವಾಲಯವೂ ಇದ್ದವು. ಶಿರಹಟ್ಟಿಯ ಫಕೀರೇಶ್ವರ ಮಠವು ಹಿಂದೂ-ಮುಸ್ಲಿಂ ಸಾಮರಸ್ಯಕ್ಕೆ ಹೆಸರಾದುದು. ಮುಂಡರಗಿಯಲ್ಲಿ ಅನ್ನದಾನೀಶ್ವರ ಮಠವಿತ್ತು. ಇಂತಹ ಸೀಮೆಯಲ್ಲಿ ಹೊಸ ಧರ್ಮದ ಬೋಧಕನು ಪ್ರಶ್ನೆಗಳನ್ನು ಎದುರಿಸದೆ ಮಾತು ಮುಗಿಸುವುದು ಸಾಧ್ಯವಿರಲಿಲ್ಲ.

ಈ ಪ್ರಶ್ನೆಗಳಿಗೆ ಜನರ ಮಾತಿನಲ್ಲೇ ಉತ್ತರ ಕೊಡಬಲ್ಲವನು ಉಪದೇಶಿ. ಮಿಷನರಿಯ ಜೊತೆ ಸಂಚಾರ ಮಾಡುವುದು, ಶಾಲೆ ನಡೆಸುವುದು, ದೀಕ್ಷಾಸ್ನಾನಕ್ಕೆ ಬರುವವರಿಗೆ ಪಾಠ ಹೇಳುವುದು, ರೋಗಿಗಳ ಮನೆಗೆ ಹೋಗುವುದು, ಸತ್ತವರನ್ನು ಮಣ್ಣು ಮಾಡಿಸುವುದು ಇವೆಲ್ಲ ಅವನ ಕೆಲಸಗಳು. ಕ್ರೈಸ್ತನಾದ ಕೂಡಲೇ ಜಾತಿ, ಆಸ್ತಿ, ನೆಂಟಸ್ತನಗಳನ್ನು ಕಳೆದುಕೊಂಡಿದ್ದವನಿಗೆ ಇದರ ಪ್ರತಿಫಲವಾಗಿ ಸಿಗುತ್ತಿದ್ದುದು ಅಲ್ಪ ಸಂಬಳ. ಮಿಷನರಿಗೆ ಅನಾರೋಗ್ಯವಾದರೆ ಹಿಂತಿರುಗಲು ಒಂದು ಊರಿತ್ತು. ಉಪದೇಶಿಗೆ ಊರು ಇದೇ. ಆದರೆ ಊರವರ ಪಂಕ್ತಿಯಲ್ಲಿ ಅವನಿಗೆ ಎಲೆ ಇರಲಿಲ್ಲ.

ಸ್ಥಳೀಯರನ್ನು ಪೂರ್ಣ ಪ್ರಮಾಣದ ಸಭಾಪಾಲಕರನ್ನಾಗಿ ಅಭಿಷೇಕಿಸುವುದು ನಿಧಾನವಾಗಿ ನಡೆಯಿತು. ಮಂಗಳೂರಿನ ಬಲ್ಮಠದಲ್ಲಿ 1847ರಲ್ಲಿ ಸೆಮಿನರಿ ತೆರೆದರೂ, ಅಲ್ಲಿ ಕಲಿತ ಹೆಚ್ಚಿನವರು ಬಹುಕಾಲ ಉಪದೇಶಿಗಳಾಗಿಯೇ ಉಳಿದರು. ಯುರೋಪಿಯನ್ನನ ಕರೆಯನ್ನು ಪರೀಕ್ಷಿಸುತ್ತಿದ್ದುದು ಅವನದೇ ಜನ. ಕನ್ನಡಿಗನ ಕರೆಯನ್ನು ಪರೀಕ್ಷಿಸುತ್ತಿದ್ದುದು ಮತ್ತೆ ಯುರೋಪಿಯನ್ನರೇ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ಇದಕ್ಕೆ ಅಪವಾದ. 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ದೊಡ್ಡ ಗದ್ದಲವೇ ಎದ್ದಿತು. ಮೋಗ್ಲಿಂಗರ ಜೊತೆ ಯುರೋಪಿಗೆ ಹೋಗಿ, ಬಾಸೆಲ್ಲಿನಲ್ಲಿ ಇತರ ವಿದ್ಯಾರ್ಥಿಗಳ ಜೊತೆಗೇ ಕಲಿತು, 1851ರಲ್ಲಿ ಅವರು ಅಭಿಷಿಕ್ತರಾಗಿ ಮರಳಿದರು. ಮುಂದೆ ಕೊಡಗಿನ ಆನಂದಪುರದಲ್ಲಿ ನೆಲೆಸಿ ಸೇವೆ ಸಲ್ಲಿಸಿದರು. ಅವರಂತಹ ಅವಕಾಶ ಬೆಟಗೇರಿಯ ನೇಕಾರನ ಮಗನಿಗೆ ಸಿಗಲಿಲ್ಲ. ಆದ್ದರಿಂದಲೇ ಕೌಂಡಿನ್ಯರ ಹೆಸರು ಗ್ರಂಥಗಳಲ್ಲಿ ಉಳಿಯಿತು, ಉಪದೇಶಿಗಳ ಹೆಸರುಗಳು ಸಭೆಯ ದಫ್ತರಗಳಲ್ಲಿ ಮಾತ್ರ ಉಳಿದವು.

ಜರ್ಮನ್ ಆಸ್ಪತ್ರೆ ಮತ್ತು ಹೆಂಗಸರ ಸೇವೆ

ಬಾಸೆಲ್ ಮಿಷನ್ನಿನ ವೈದ್ಯಕೀಯ ಸೇವೆ ಭಾರತದಲ್ಲಿ 1886ರಲ್ಲಿ ಕಲ್ಲಿಕೋಟೆಯಲ್ಲಿ ಡಾ. ಲೀಬೆನ್‌ಡ್ಯೋರ್ಫರ್ ಅವರಿಂದ ಆರಂಭವಾಯಿತು. 20ನೇ ಶತಮಾನದ ಆರಂಭದಲ್ಲಿ ಬೆಟಗೇರಿಯಲ್ಲಿಯೂ ಮಿಷನ್ ಆಸ್ಪತ್ರೆ ತಲೆಯೆತ್ತಿತು. ಸುತ್ತಲಿನ ಜನ ಅದನ್ನು 'ಜರ್ಮನ್ ಆಸ್ಪತ್ರೆ' ಎಂದೇ ಕರೆದರು. ಇಂದು ಅದು ದಕ್ಷಿಣ ಭಾರತ ಸಭೆಯ ಅಧೀನದಲ್ಲಿದೆ. ಪ್ಲೇಗು, ಕಾಲರಾಗಳು ಪದೇ ಪದೇ ಬರುತ್ತಿದ್ದ ಕಾಲದಲ್ಲಿ, ಹೆರಿಗೆಯ ತೊಡಕಿಗೆ ಸೂಲಗಿತ್ತಿಯ ಹೊರತು ಬೇರೆ ಗತಿಯಿಲ್ಲದ ಹಳ್ಳಿಗಳ ನಡುವೆ, ಈ ಆಸ್ಪತ್ರೆ ಎಷ್ಟು ಮುಖ್ಯವಾಗಿತ್ತೆಂಬುದನ್ನು ಊಹಿಸಬಹುದು. ಬೋಧನೆಯನ್ನು ಒಪ್ಪದವರೂ ಆಸ್ಪತ್ರೆಯ ಬಾಗಿಲಿಗೆ ಬಂದರು.

ಆಸ್ಪತ್ರೆಯು ಹೆಂಗಸರ ಕರೆಗೆ ಒಂದು ಸ್ಥಾನವನ್ನು ಒದಗಿಸಿತು. 19ನೇ ಶತಮಾನದಲ್ಲಿ ಮಿಷನರಿಯ ಹೆಂಡತಿಯು ಹೆಣ್ಣುಮಕ್ಕಳ ಶಾಲೆ, ಹೊಲಿಗೆಯ ಪಾಠ, ಅನಾಥಾಲಯಗಳನ್ನು ನೋಡಿಕೊಂಡರೂ ಅವಳ ಕೆಲಸ ಗಂಡನ ಕೆಲಸದ ಭಾಗವೆಂದೇ ಲೆಕ್ಕ. ಮುಂದಿನ ಶತಮಾನದಲ್ಲಿ ಅವಿವಾಹಿತ ಯುವತಿಯರು ದಾದಿಯರಾಗಿ, ಶಿಕ್ಷಕಿಯರಾಗಿ, ವೈದ್ಯೆಯರಾಗಿ ತಮ್ಮ ಹೆಸರಿನಲ್ಲೇ ಬರತೊಡಗಿದರು. 1923ರಲ್ಲಿ ಉಡುಪಿಯಲ್ಲಿ ಆಸ್ಪತ್ರೆಯನ್ನು ಆರಂಭಿಸಿದ ಸ್ವಿಸ್ ವೈದ್ಯೆ ಡಾ. ಈವಾ ಲೊಂಬಾರ್ಡ್ ಇವರಲ್ಲಿ ಹೆಸರಾದವರು. ಸ್ಥಳೀಯ ಕ್ರೈಸ್ತ ಹುಡುಗಿಯರು ದಾದಿಯರ ತರಬೇತಿ ಪಡೆದು ಅದೇ ದಾರಿ ಹಿಡಿದರು. ಮನೆಮನೆಗೆ ಹೋಗಿ ಹೆಂಗಸರಿಗೆ ಸತ್ಯವೇದವನ್ನು ಓದಿ ಹೇಳುತ್ತಿದ್ದ 'ಬೈಬಲ್ ಸ್ತ್ರೀ'ಯರೂ ಇದ್ದರು. ಇವರಲ್ಲಿ ವಿಧವೆಯರು ಹೆಚ್ಚು. ಅಂದಿನ ಸಮಾಜದಲ್ಲಿ ವಿಧವೆಗೆ ಅಡುಗೆಮನೆಯ ಹೊರಗೆ ಗೌರವದ ಕೆಲಸ ದೊರೆತ ಅಪರೂಪದ ಸಂದರ್ಭಗಳಲ್ಲಿ ಇದೊಂದು.

ಮೊದಲ ಮಹಾಯುದ್ಧದ ಪರೀಕ್ಷೆ

1914ರಲ್ಲಿ ಯುದ್ಧ ಆರಂಭವಾದಾಗ ಬ್ರಿಟಿಷ್ ಸರ್ಕಾರದ ದೃಷ್ಟಿಯಲ್ಲಿ ಜರ್ಮನ್ ಮಿಷನರಿಗಳು ಶತ್ರುದೇಶದ ಪ್ರಜೆಗಳಾದರು. ಹಲವರನ್ನು ಅಹಮದನಗರದ ಶಿಬಿರದಲ್ಲಿ ಬಂಧನದಲ್ಲಿಡಲಾಯಿತು. ಬಳಿಕ ಸ್ವದೇಶಕ್ಕೆ ಕಳುಹಿಸಲಾಯಿತು. ಮಿಷನ್ನಿನ ಹೆಂಚು ಮತ್ತು ನೇಯ್ಗೆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ವಶವಾದವು. ಬಾಸೆಲ್ ಮಿಷನ್ ತನ್ನ ಹೆಸರಿನಲ್ಲಿ ಇಲ್ಲಿಗೆ ಮರಳಿದುದು 1920ರ ದಶಕದ ಕೊನೆಯ ಭಾಗದಲ್ಲಿ. ನಡುವಿನ ಅವಧಿಯಲ್ಲಿ ಸ್ವಿಸ್ ಮೂಲದ ಕೆನರೀಸ್ ಇವಾಂಜೆಲಿಕಲ್ ಮಿಷನ್ ಈ ಭಾಗದ ಕೆಲಸಕ್ಕೆ ಹೆಗಲು ಕೊಟ್ಟಿತು.

ಪ್ರತಿ ಭಾನುವಾರದ ಆರಾಧನೆ, ಶಾಲೆ, ಮದುವೆ, ಮಣ್ಣುಗಳನ್ನು ನಿಲ್ಲದಂತೆ ನಡೆಸಿದವರು ಮಾತ್ರ ಸ್ಥಳೀಯ ಸಭಾಪಾಲಕರು, ಉಪದೇಶಿಗಳು ಮತ್ತು ಹಿರಿಯರು. ಹಣ ಕಡಿಮೆಯಾಗಿತ್ತು, ಮೇಲಿನಿಂದ ಆದೇಶ ಬರುತ್ತಿರಲಿಲ್ಲ. ಕನ್ನಡದ ಕ್ರೈಸ್ತರಿಗೆ ಸ್ವತಂತ್ರವಾಗಿ ಸಭೆ ನಡೆಸುವ ಶಕ್ತಿ ಇನ್ನೂ ಬಂದಿಲ್ಲವೆಂಬ ಹಳೆಯ ಮಾತು ಆ ವರ್ಷಗಳ ನಂತರ ಹಿಂದಿನಷ್ಟು ಗಟ್ಟಿಯಾಗಿ ಕೇಳಲಿಲ್ಲ.

ಇಂದಿನ ಪದ್ಧತಿ

1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಸ್ಥಾಪನೆಯಾಯಿತು. ಬಾಸೆಲ್ ಮಿಷನ್ನಿನಿಂದ ಬೆಳೆದ ಉತ್ತರ ಕರ್ನಾಟಕದ ಸಭೆಗಳು ತುಸು ತಡವಾಗಿ ಈ ಐಕ್ಯಕ್ಕೆ ಸೇರಿದವು. ಈಗ ಅವು ಧಾರವಾಡದಲ್ಲಿ ಕೇಂದ್ರವಿರುವ ಕರ್ನಾಟಕ ಉತ್ತರ ಸಭಾಪ್ರಾಂತಕ್ಕೆ ಸೇರಿವೆ. ಸಭಾಪಾಲಕನಾಗಬಯಸುವವನು ಮೊದಲು ತನ್ನ ಸ್ಥಳೀಯ ಸಭೆಯ ಶಿಫಾರಸು ಪಡೆಯಬೇಕು. ಬಳಿಕ ಸಭಾಪ್ರಾಂತದ ಸಂದರ್ಶನವನ್ನು ಎದುರಿಸಿ, ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು, ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು ಮೊದಲಾದ ಸಂಸ್ಥೆಗಳಲ್ಲಿ ದೇವಶಾಸ್ತ್ರವನ್ನು ಓದಬೇಕು. ಅಭಿಷೇಕದ ಆರಾಧನೆಯಲ್ಲಿ, ದೇವರು ನಿನ್ನನ್ನು ಕರೆದಿದ್ದಾನೆಂದು ನಂಬುತ್ತೀಯಾ ಎಂಬ ಅರ್ಥದ ಪ್ರಶ್ನೆಯನ್ನು ಬಿಷಪರು ಎಲ್ಲರ ಮುಂದೆ ಕೇಳುತ್ತಾರೆ. ಉತ್ತರವನ್ನು ಅಭ್ಯರ್ಥಿ ಸ್ವತಃ ಹೇಳಬೇಕು. ಮಹಿಳೆಯರಿಗೆ ಈ ಅಭಿಷೇಕದ ದಾರಿ 1970ರ ದಶಕದಲ್ಲಿ ತೆರೆಯಿತು.

ಗದಗ ಜಿಲ್ಲೆಯ ಕಥೋಲಿಕರು 1953ರಲ್ಲಿ ಸ್ಥಾಪನೆಯಾದ ಬೆಳಗಾವಿ ಧರ್ಮಪ್ರಾಂತ್ಯಕ್ಕೆ ಸೇರಿದವರು. ಕಥೋಲಿಕ ಪದ್ಧತಿಯಲ್ಲಿ ಗುರುಮಠದ ತರಬೇತಿ ದೀರ್ಘವಾದುದು; ಕಿರಿಯ ಗುರುಮಠದಿಂದ ಲೆಕ್ಕ ಹಾಕಿದರೆ ಗುರುದೀಕ್ಷೆಯ ವೇಳೆಗೆ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯುವುದುಂಟು. ಬ್ರಹ್ಮಚರ್ಯ ಕಡ್ಡಾಯ. 1983ರ ಧರ್ಮಸಭಾ ಕಾನೂನು ಸಂಹಿತೆಯ ಪ್ರಕಾರ ಗುರುದೀಕ್ಷೆಗೆ ಕನಿಷ್ಠ 25 ವರ್ಷ ತುಂಬಿರಬೇಕು. ಯಾರನ್ನೇ ಆಗಲಿ ಯಾವುದೇ ಕಾರಣದಿಂದ ದೀಕ್ಷೆಗೆ ಬಲವಂತಪಡಿಸುವುದು ನಿಷಿದ್ಧ. ತಾನು ಸ್ವತಂತ್ರವಾಗಿ, ಸ್ವಇಚ್ಛೆಯಿಂದ ದೀಕ್ಷೆ ಪಡೆಯುತ್ತಿದ್ದೇನೆಂದು ಅಭ್ಯರ್ಥಿಯು ತನ್ನದೇ ಕೈಬರಹದಲ್ಲಿ ಬರೆದು ಸಹಿ ಮಾಡಿ ಕೊಡಬೇಕು. ಕನ್ಯಾಸ್ತ್ರೀಯಾಗುವವಳು ಶಾಶ್ವತ ವ್ರತಕ್ಕೆ ಮೊದಲು ಕನಿಷ್ಠ ಮೂರು ವರ್ಷ ತಾತ್ಕಾಲಿಕ ವ್ರತದಲ್ಲಿದ್ದು ತನ್ನ ಮನಸ್ಸನ್ನು ಪರೀಕ್ಷಿಸಿಕೊಳ್ಳಬೇಕು. ಆ ಅವಧಿ ಮುಗಿದಾಗ ಬಿಟ್ಟು ಹೋಗಲು ಅವಳಿಗೆ ಸ್ವಾತಂತ್ರ್ಯವಿದೆ. ಹಾಗೆ ಹೋದುದನ್ನು ಸಭೆಯು ಪಾಪವೆಂದು ಎಣಿಸುವುದಿಲ್ಲ. ಮನೆಯವರು ಮತ್ತು ಊರವರು ಅದನ್ನು ಅವಮಾನವೆಂದು ಕಾಣುವುದು ಮಾತ್ರ ಪೂರ್ತಿ ನಿಂತಿಲ್ಲ.

ದೈವಕರೆಗಾಗಿ ಪ್ರಾರ್ಥಿಸುವ ವಿಶ್ವ ದಿನವನ್ನು ಪೋಪ್ ಆರನೆಯ ಪೌಲರು 1964ರಲ್ಲಿ ಆರಂಭಿಸಿದರು. ಈಸ್ಟರ್ ಕಾಲದ ನಾಲ್ಕನೆಯ ಭಾನುವಾರ ಇದನ್ನು ಆಚರಿಸುತ್ತಾರೆ. ಅಂದಿನ ಸುವಾರ್ತೆಯ ಪಾಠ ಒಳ್ಳೆಯ ಕುರುಬನ ಕುರಿತಾದುದು.